ಪೆಂಟಾಕ್ಸ್ ಕೆ1000: ಮೆನು ಇಲ್ಲ, ತಲೆನೋವೂ ಇಲ್ಲ

ಮಾವನ ಮನೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ನನ್ನ ಕೈಗೆ ಬಂದು ಎರಡು ವರ್ಷವಾಯಿತು. 1976ರಿಂದ 1997ರವರೆಗೆ ತಯಾರಾದ ಮಾಡೆಲ್ ಇದು. ಆಟೋಫೋಕಸ್ ಇಲ್ಲ, ಸ್ಕ್ರೀನ್ ಇಲ್ಲ.

ಮೊದಲು ನನ್ನ ಹತ್ತಿರ ಇದ್ದದ್ದು ಎಲ್ಲವನ್ನೂ ತಾನೇ ಮಾಡುವ ಡಿಜಿಟಲ್ ಕ್ಯಾಮೆರಾ. ಒಂದು ಬೆಳಗ್ಗೆ ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿದ್ದೆ, ದಟ್ಟ ಮಂಜು, ಫೋಕಸ್ ಸಿಗದೆ ಲೆನ್ಸು ಸುಮ್ನೆ ಹಿಂದೆ ಮುಂದೆ ಓಡಾಡುತ್ತಾ ಇತ್ತು, ಅಷ್ಟರಲ್ಲಿ ಬಂಡೆ ಮೇಲೆ ಮರಿ ಅಪ್ಪಿಕೊಂಡು ಕೂತಿದ್ದ ಕೋತಿ ಎದ್ದು ಹೋಗಿಬಿಟ್ಟಿತು. ಹೊಟ್ಟೆ ಉರಿಯಲ್ವಾ?

ಕೆ1000ನಲ್ಲಿ ಆ ಕಾಟವಿಲ್ಲ. ಲೆನ್ಸಿನ ರಿಂಗ್ ತಿರುಗಿಸಿ, ಸ್ಪಷ್ಟವಾಗಿ ಕಂಡಾಗ ನಿಲ್ಲಿಸಿ, ಅಷ್ಟೇ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಒಳಗೆ ಬಲಗಡೆ ಬೆಳಕು ಅಳೆಯುವ ಮೀಟರಿನ ಒಂದು ಸಣ್ಣ ಮುಳ್ಳು ಇದೆ. ಅದು ನಡುವೆ ನಿಂತರೆ ಬೆಳಕು ಸರಿ, ಮೇಲೆ ಹೋದರೆ ಜಾಸ್ತಿ, ಕೆಳಗೆ ಬಿದ್ದರೆ ಕಮ್ಮಿ. ಬ್ಯಾಟರಿ ಬೇಕಾಗುವುದು ಆ ಮುಳ್ಳಿಗೆ ಮಾತ್ರ. ಬ್ಯಾಟರಿ ಸತ್ತರೂ 1/1000 ಸೆಕೆಂಡಿನವರೆಗೆ ಎಲ್ಲ ಸ್ಪೀಡಿನಲ್ಲೂ ಶಟರ್ ಟಕ್ ಅಂತ ಬೀಳುತ್ತದೆ. ಆಗ ನಾನು ಹಳೇ ಲೆಕ್ಕ ಹಿಡಿಯುತ್ತೇನೆ: ಬೆಳಕಿಗೆ 400ರಷ್ಟು ಚುರುಕಿನ (ಐಎಸ್‌ಒ 400) ಫಿಲ್ಮು, ಒಳ್ಳೆ ಬಿಸಿಲು, ಲೆನ್ಸಿನ ತೂತು (ಅಪರ್ಚರ್) ಎಫ್/16, ಶಟರ್ ಸ್ಪೀಡು 1/500.

ಬೈಯಬೇಕಾದ್ದೂ ಇದೆ. ಮೀಟರಿಗೆ ಸ್ವಿಚ್ಚೇ ಇಲ್ಲ, ಲೆನ್ಸ್ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಖಾಲಿ. ಒಳ್ಳೆ ತೂಕ, ದಿನವೆಲ್ಲ ಹೊತ್ತರೆ ಕುತ್ತಿಗೆ ನೋಯುತ್ತದೆ. ಫಿಲ್ಮು ದುಬಾರಿ, ತೊಳೆಸಲು ನಾನು ಬೆಂಗಳೂರಿಗೆ ಕಳಿಸುತ್ತೇನೆ.

ಹೋದ ರೋಲಿನಲ್ಲಿ 36ಕ್ಕೆ 7 ಫೋಟೊ ಮಸುಕು. ಏಳೂ ನನ್ನದೇ ತಪ್ಪು, ಕ್ಯಾಮೆರಾದ್ದಲ್ಲ.