ಫೇಜ್ ಮಾಡೆಲ್ ಕಿಟ್ ಚೆನ್ನಾಗಿದೆ, ಆದ್ರೆ ಹೊರಪೊರೆನೇ ಇಲ್ಲ!

ವಿರಾಜಪೇಟೆಲಿ ಪಿಯುಸಿ ಮಕ್ಕಳಿಗೆ ಮನೇಲೇ ಬಯಾಲಜಿ ಟ್ಯೂಷನ್ ಮಾಡ್ತೀನಿ, ಅದಕ್ಕೇ ಅಂತ ಈ ಕಿಟ್ ಆನ್‌ಲೈನಲ್ಲಿ ತರಿಸ್ದೆ. ಫೇಜ್ ಅಂದ್ರೆ ಬ್ಯಾಕ್ಟೀರಿಯಾಗೆ ತಗಲೋ ವೈರಸ್. ಜುಲೈ ಮಳೇಲಿ ನಮ್ಮ ಕಡೆ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ವಿಡಿಯೋ ತೋರ್ಸೋ ಮಾತೇ ಇಲ್ಲ, ಕೈಲಿ ಹಿಡ್ದು ತೋರ್ಸೋ ಅಂಥದ್ದು ಬೇಕೇ ಬೇಕಿತ್ತು.

ಟಿ4 ಫೇಜ್ ಪೀಸ್ ಮಾತ್ರ ಸೂಪರ್. ಉದ್ದದ ಆರು ಕಾಲನ್ನ ಇ.ಕೋಲೈ ಬ್ಯಾಕ್ಟೀರಿಯಾ ಮೇಲೆ ಊರಿ ತಲೆ ಒತ್ತಿದ್ರೆ ಬಾಲದ ಸ್ಪ್ರಿಂಗ್ ಕುಗ್ಗುತ್ತೆ, ಒಳಗಿನ ಟ್ಯೂಬ್ ಪೊರೆ ತೂರಿ ಇಳಿಯುತ್ತೆ, ಡಿಎನ್ಎ ಅಂತ ಕೊಟ್ಟಿರೋ ಕೆಂಪು ದಾರ ಒಳಗೆ ಹೋಗಿ ಖಾಲಿ ತಲೆ ಹೊರಗೇ ನಿಲ್ಲುತ್ತೆ. ಫೇಜ್‌ನ ಡಿಎನ್ಎ ಒಳಗೆ ಹೋಗುತ್ತೆ ಅಂತ ತೋರ್ಸಿದ 1952ರ ಹರ್ಷೇ-ಚೇಸ್ ಪ್ರಯೋಗ ಬಾಯಿಪಾಠ ಮಾಡ್ತಿದ್ದ ಮಕ್ಕಳು ಇದನ್ನ ತಾವೇ ಒತ್ತಿ ನೋಡಿದ್ಮೇಲೆ ತಮ್ಮ ಮಾತಲ್ಲೇ ಹೇಳೋಕೆ ಶುರು ಮಾಡಿದ್ರು, ನಂಗೆ ಅಷ್ಟು ಖುಷಿ ಆಯ್ತು.

ಬ್ಯಾಕ್ಟೀರಿಯಾ ಎರಡಾಗೋದೂ ಚೆನ್ನಾಗಿದೆ. ಪೊರೆಯ ಒಳಮೈಗೆ ಅಂಟ್ಕೊಂಡಿರೋ ಎಫ್‌ಟಿಎಸ್‌ಝಡ್ ಅನ್ನೋ ಪ್ರೋಟೀನ್ ರಿಂಗ್ ಬದ್ಲು ರಬ್ಬರ್ ಬ್ಯಾಂಡ್ ಇದೆ, ನಡುವಲ್ಲಿ ಬಿಗಿದ್ರೆ ಸೆಲ್ ಎರಡು ಭಾಗ ಆಗುತ್ತೆ. ಅನುಕೂಲ ಇದ್ರೆ ಇ.ಕೋಲೈಗೆ ಇದಕ್ಕೆ ಸುಮಾರು 20 ನಿಮಿಷ ಸಾಕು. "ಮಿಸ್, ವೈರಸ್ಸೂ ಹೀಗೇ ಎರಡಾಗುತ್ತಾ?" ಅಂತ ಕೇಳೇ ಕೇಳ್ತಾರೆ. ಇಲ್ಲ, ಅದು ಒಡೆದು ಎರಡಾಗಲ್ಲ, ತಲೆ, ಬಾಲ, ಕಾಲು ಬೇರೆ ಬೇರೆ ತಯಾರಾಗಿ ಆಮೇಲೆ ಜೋಡಣೆ ಆಗೋದು, ಟಿ4ರ ತಲೆ ಕಟ್ಟೋ ಕೆಲಸ ಶುರುವಾಗೋದು ಒಳಪೊರೆ ಮೇಲೇ. ಕಿಟ್‌ನ ಬಿಡಿ ಭಾಗಗಳನ್ನ ಜೋಡಿಸ್ತಾ ಇದನ್ನ ಹೇಳೋದು ತುಂಬಾ ಸುಲಭ.

ಬೇಜಾರಾಗಿದ್ದು ಸೆಲ್ ಒಡೆಯೋ ಭಾಗದಲ್ಲಿ. ಇ.ಕೋಲೈಗೆ ಒಳಪೊರೆ, ಗೋಡೆ, ಅದರ ಹೊರಗೆ ಇನ್ನೊಂದು ಪೊರೆ, ಹೀಗೆ ಮೂರು ಪದರ. ಇವನ್ನ ಒಡೆಯೋದು ಫೇಜ್‌ನ ಮೂರು ಥರದ ಪ್ರೋಟೀನ್: ಹೋಲಿನ್ ಒಳಪೊರೇಲಿ ತೂತು ಮಾಡುತ್ತೆ, ಎಂಡೋಲೈಸಿನ್ ಗೋಡೆ ಕತ್ತರಿಸುತ್ತೆ, ಸ್ಪಾನಿನ್ ಹೊರಪೊರೆ ಮುರಿಯುತ್ತೆ, ಆಗಲೇ ಮರಿ ಫೇಜ್‌ಗಳು ಹೊರಗೆ ಬರೋದು. ಕಿಟ್‌ನಲ್ಲಿ ಗೋಡೆಗೇ ಮುಗೀತು! ಫೇಜ್ ಮೊದಲು ಕಾಲೂರೋದೇ ಆ ಹೊರಪೊರೆ ಮೇಲೆ, ಅದನ್ನೇ ಬಿಟ್ರೆ ಹೇಗೆ? ನಾನು ಪಾರದರ್ಶಕ ಓಎಚ್‌ಪಿ ಶೀಟ್ ಸುತ್ತಿ ಸರಿ ಮಾಡ್ಕೊಂಡೆ. ಜೊತೆಗೆ ಬರೋ ಬುಕ್‌ಲೆಟ್‌ನಲ್ಲಿ ಎಲ್ಲಾ ಫೇಜೂ ಸೆಲ್ ಒಡೆದೇ ಬರುತ್ತೆ ಅಂತ ಬರ್ದಿದ್ದಾರೆ, ಇದು ತಪ್ಪು, ಎಂ13 ಅನ್ನೋ ಫೇಜ್ ಪೊರೆಯಲ್ಲೇ ಜೋಡಣೆ ಆಗ್ತಾ ಹೊರಗೆ ಬರುತ್ತೆ, ಸೆಲ್ ಸಾಯಲ್ಲ, ಬೆಳವಣಿಗೆ ನಿಧಾನ ಆಗುತ್ತೆ ಅಷ್ಟೇ.

ಕೊಡಗಿನವರು ತಗೊಂಡ್ರೆ ಕಾರ್ಡ್‌ಬೋರ್ಡ್ ಬೇಸ್‌ಗೆ ಮೊದಲೇ ಪ್ಲಾಸ್ಟಿಕ್ ಹೊದಿಸಿ, ಶೀತಕ್ಕೆ ನಂದು ಉಬ್ಬಿ ಹೋಗಿದೆ. ಐದಕ್ಕೆ ನಾಲ್ಕು ಸ್ಟಾರ್, ಹೊರಪೊರೆ ಸೇರಿಸಿ ಹೊಸ ಸೆಟ್ ಬಿಟ್ರೆ ಇನ್ನೊಂದು ಖಂಡಿತ ತಗೋತೀನಿ.