ಮ್ಯಾನುಯಲ್ ಕ್ಯಾಮ್ ಚೈನ್ ಟೆನ್ಷನರ್: ಕೆಲವು ವರ್ಷ ಓಡಿಸಿದ ಮೇಲೆ ಬರೆದದ್ದು

ನನ್ನ ಬೈಕಿಗೆ ಮ್ಯಾನುಯಲ್ ಕ್ಯಾಮ್ ಚೈನ್ ಟೆನ್ಷನರ್ ಹಾಕಿ ಕೆಲವು ವರ್ಷಗಳೇ ಆದವು. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟನ್ನು ತಿರುಗಿಸುವ ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯುವ ಸಾಮಾನು ಇದು. ಬೈಕಿನ ಜೊತೆ ಬಂದದ್ದು ಸ್ಪ್ರಿಂಗಿನಿಂದ ತಾನೇ ಬಿಗಿಯಾಗುತ್ತಿತ್ತು, ಮ್ಯಾನುಯಲ್ ಆದರೆ ಬೋಲ್ಟ್ ತಿರುಗಿಸಿ ನಾವೇ ಬಿಗಿ ಮಾಡಬೇಕು. ಹಾಕಿದ ವಾರದಲ್ಲಿ ಬರೆಯುವ ವಿಮರ್ಶೆಗೆ ಅಷ್ಟು ಬೆಲೆ ಇಲ್ಲ. ಸೌಂಡ್ ನಿಂತ ಖುಷಿಯಲ್ಲಿ ಎಲ್ಲರೂ ಚೆನ್ನಾಗಿದೆ ಅಂತಲೇ ಬರೆಯುತ್ತಾರೆ. ಈ ಸಾಮಾನಿನ ನಿಜವಾದ ಗುಣ ಗೊತ್ತಾಗುವುದು ಎರಡನೇ ಸಲ, ಮೂರನೇ ಸಲ ವಾಲ್ವ್ ಕವರ್ ಬಿಚ್ಚಿದಾಗ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಇದು ತುಂಬಾ ಹಿಡಿಸಿದೆ, ಆದರೆ ಎಲ್ಲರಿಗೂ ಹಾಕಿಕೊಳ್ಳಿ ಅನ್ನಲಾರೆ. ಸ್ಪ್ರಿಂಗ್ ತಾನೇ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ನೀವು ಮಾಡಬೇಕು. ಇಂಜಿನ್ ಸೌಂಡಿಗೆ ಕಿವಿ ಕೊಡುವ, ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡುವುದನ್ನು ತಪ್ಪಿಸದ ಜನರಿಗೆ ಇದು ಸರಿ.

ನನ್ನದು ಸಿಂಗಲ್ ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್ ಇರುವ ಇಂಜಿನ್. ತೊಂದರೆ ಕಾಣಿಸಿಕೊಂಡದ್ದು ಬೆಳಗಿನ ಹೊತ್ತು. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ, ಚೈನ್ ಇರುವ ಕಡೆಯಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸೌಂಡ್. ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ದಿನ ಕಳೆದ ಹಾಗೆ ನಿಲ್ಲುವುದು ತಡವಾಗುತ್ತಾ ಬಂತು. ಕೊನೆಗೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ, 3,000 ಆರ್‌ಪಿಎಂ ಆಸುಪಾಸಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಕಟಕಟ ಶುರು.

ಇದನ್ನು ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸೌಂಡ್ ಅಂದುಕೊಳ್ಳುವವರು ಜಾಸ್ತಿ. ವ್ಯತ್ಯಾಸ ಹೀಗೆ. ಟ್ಯಾಪೆಟ್ ಸೌಂಡ್ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತದೆ, ಆರ್‌ಪಿಎಂ ಏರಿದ ಹಾಗೆ ಅದೂ ಏರುತ್ತದೆ. ಕ್ಯಾಮ್ ಚೈನ್ ಸೌಂಡಿಗೆ ಲಯ ಇರುವುದಿಲ್ಲ, ಬಂದು ಹೋಗಿ ಮಾಡುತ್ತದೆ, ಆಕ್ಸಿಲರೇಟರ್ ತೆರೆದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ಕ್ಲಚ್ ಹಿಡಿದ ತಕ್ಷಣ ಸೌಂಡ್ ಬದಲಾದರೆ ಅದು ಕ್ಲಚ್ ಕಡೆಯದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟೆನ್ಷನರ್ ಬಾಡಿಗೆ ಇಟ್ಟು, ಹಿಡಿಯನ್ನು ಕಿವಿಯ ಹತ್ತಿರ ಒತ್ತಿ ಹಿಡಿದರೆ ಅನುಮಾನ ಉಳಿಯುವುದಿಲ್ಲ. ದಯವಿಟ್ಟು ಸೌಂಡ್ ಕಡಿಮೆಯಾಗಲಿ ಅಂತ ಟ್ಯಾಪೆಟ್ ಟೈಟ್ ಮಾಡಿಸಬೇಡಿ. ಟೈಟ್ ಆದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಟ್ಟುಹೋಗುತ್ತದೆ. ಚೈನ್ ಮಾತ್ರ ಮೊದಲಿನ ಹಾಗೇ ಸಡಿಲ.

ಒಳಗೆ ಆಗುವುದು ಇಷ್ಟು. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್, ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. 6,000 ಆರ್‌ಪಿಎಂನಲ್ಲಿ ಕ್ಯಾಮ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಚೈನಿನ ಒಂದು ಬದಿಯನ್ನು ಕ್ರ್ಯಾಂಕ್ ಎಳೆಯುವುದರಿಂದ ಅದು ಯಾವಾಗಲೂ ಬಿಗಿ. ಇನ್ನೊಂದು ಬದಿ ಸಡಿಲ. ಆ ಸಡಿಲ ಬದಿಗೆ ಬಾಗಿದ ಒಂದು ಪಟ್ಟಿ ಒತ್ತಿಕೊಂಡಿರುತ್ತದೆ, ಪಟ್ಟಿಯನ್ನು ಹಿಂದಿನಿಂದ ಟೆನ್ಷನರ್ ತಳ್ಳುತ್ತದೆ. ಚೈನಿನ ಪಿನ್ನುಗಳು ಸವೆದು ಅದು ಉದ್ದವಾದ ಹಾಗೆ, ಆಟೋಮ್ಯಾಟಿಕ್ ಟೆನ್ಷನರಿನ ಕಡ್ಡಿ ಸ್ವಲ್ಪ ಸ್ವಲ್ಪವೇ ಮುಂದೆ ಬರುತ್ತದೆ. ಹಲ್ಲುಗಳಿರುವ ರ‍್ಯಾಚೆಟ್ ಅದನ್ನು ವಾಪಸ್ ಹೋಗದಂತೆ ಹಿಡಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ರ‍್ಯಾಚೆಟ್ ಬದಲು ಸುರುಳಿ ಸ್ಪ್ರಿಂಗ್ ತಿರುಗಿಸುವ ಸ್ಕ್ರೂ ಇರುತ್ತದೆ. ಇನ್ನು ಕೆಲವಲ್ಲಿ ಆಯಿಲ್ ಪ್ರೆಶರ್ ಈ ಕೆಲಸ ಮಾಡುತ್ತದೆ. ಆಯಿಲ್ ಪ್ರೆಶರಿನದಾದರೆ ಬೆಳಿಗ್ಗೆ ಒಂದೆರಡು ಸೆಕೆಂಡ್ ಸೌಂಡ್ ಬರುವುದು ಮಾಮೂಲು. ರಾತ್ರಿಯೆಲ್ಲ ನಿಂತಾಗ ಆಯಿಲ್ ಕೆಳಗೆ ಇಳಿದಿರುತ್ತದೆ, ಅಷ್ಟೇ.

ನನ್ನದು ರ‍್ಯಾಚೆಟ್ ಇರುವ ಬಗೆ. ಬಿಚ್ಚಿ ಕೈಯಲ್ಲಿ ಹಿಡಿದು, ಕಡ್ಡಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಚೆನ್ನಾಗಿರುವ ರ‍್ಯಾಚೆಟ್ ಒಂದು ಕೂದಲೆಳೆಯಷ್ಟೂ ಜಗ್ಗಬಾರದು. ಇದು ಒಂದು ಕ್ಷಣ ತಡೆದು ಹಿಡಿದು, ಟಕ್ ಅಂತ ಒಳಗೆ ಜಾರಿತು. ಬೆಳಕಿಗೆ ಹಿಡಿದು ನೋಡಿದರೆ ಮಧ್ಯದ ನಾಲ್ಕೈದು ಹಲ್ಲುಗಳ ಚೂಪು ಹೋಗಿ ದುಂಡಗಾಗಿದ್ದವು. ಅವುಗಳ ಆಚೆಗಿನ ಹಲ್ಲುಗಳು ಹೊಸದರ ಹಾಗೇ ಇದ್ದವು. ಅಂದರೆ ಚೈನ್ ಸವೆದು ಕಡ್ಡಿ ಕೊನೆ ಮುಟ್ಟಿರಲಿಲ್ಲ. ಒಂದೇ ಜಾಗದಲ್ಲಿ ಹೊಡೆತ ತಿಂದು ತಿಂದು ರ‍್ಯಾಚೆಟ್ ಸೋತಿತ್ತು. ಸ್ಟಾರ್ಟಿಂಗ್ ಸೌಂಡಿನ ಕಾರಣವೂ ಅಲ್ಲೇ ಸಿಕ್ಕಿತು. ಇಂಜಿನ್ ಆಫ್ ಆಗುವಾಗ ಕ್ರ್ಯಾಂಕ್ ಒಂದಿಷ್ಟು ಹಿಂದಕ್ಕೆ ತಿರುಗಿ ನಿಲ್ಲುವುದುಂಟು. ಆಗ ಸಡಿಲ ಬದಿ ಬಿಗಿಯಾಗಿ ಕಡ್ಡಿಯನ್ನು ಒಳಗೆ ತಳ್ಳುತ್ತದೆ. ಹಲ್ಲು ಗಟ್ಟಿ ಇದ್ದರೆ ತಡೆಯುತ್ತದೆ. ಇಲ್ಲದಿದ್ದರೆ ಮುಂದಿನ ಸ್ಟಾರ್ಟಿಗೆ ಚೈನ್ ಸಡಿಲವಾಗಿಯೇ ಕಾದಿರುತ್ತದೆ. ಗೇರಿನಲ್ಲಿಟ್ಟು ಬೈಕನ್ನು ಹಿಂದಕ್ಕೆ ತಳ್ಳಬೇಡಿ ಅಂತ ನಾನು ಸ್ನೇಹಿತರಿಗೆ ಹೇಳುವುದೂ ಇದಕ್ಕೇ.

ಸುಮ್ನೆ ಸೌಂಡ್ ತಾನೇ, ಓಡಲಿ ಬಿಡು ಅನ್ನುವವರಿಗೆ ಒಂದು ಮಾತು. ಸಡಿಲ ಚೈನ್ ಒಂದು ಹಲ್ಲು ಹಾರಿದರೆ ಟೈಮಿಂಗ್ ತಪ್ಪಿ ಎಳೆತ ಕಡಿಮೆಯಾಗುತ್ತದೆ, ಸ್ಟಾರ್ಟ್ ಕಷ್ಟವಾಗುತ್ತದೆ. ಇನ್ನೂ ಜಾಸ್ತಿ ಹಾರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಹೊಡೆಯುತ್ತದೆ. ವಾಲ್ವ್ ಬೆಂಡ್, ಹೆಡ್ ಕೆಲಸ, ಗ್ರಹಚಾರ ಕೆಟ್ಟರೆ ಪಿಸ್ಟನ್ ಕೂಡ. 1997ರಲ್ಲಿ ಬಂದ ಹೋಂಡಾ ವಿಟಿಆರ್ 1000 ಎಫ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ ಇದೇ ಭಯಕ್ಕೆ ಮುಂಚೆಯೇ ಮ್ಯಾನುಯಲ್ ಟೆನ್ಷನರ್ ಹಾಕಿಕೊಂಡರು. ಅದು ವಿ-ಟ್ವಿನ್, ಎರಡು ಸಿಲಿಂಡರಿಗೂ ಒಂದೊಂದು ಟೆನ್ಷನರ್.

ಮ್ಯಾನುಯಲ್ ಟೆನ್ಷನರ್ ನೋಡಲು ತೀರಾ ಸರಳ. ಅಲ್ಯುಮಿನಿಯಂ ಬಾಡಿ, ನಡುವೆ ಉದ್ದನೆಯ ಬೋಲ್ಟ್, ಅದರ ಮೇಲೆ ಲಾಕ್ ನಟ್. ಸ್ಪ್ರಿಂಗ್ ಇಲ್ಲ, ಹಲ್ಲು ಇಲ್ಲ. ತಾನಾಗಿ ಹಿಂದೆ ಸರಿಯಲು ಅದರಲ್ಲಿ ಏನೂ ಇಲ್ಲ, ನನಗೆ ಇಷ್ಟವಾದದ್ದೇ ಅದು. ನನ್ನದರಲ್ಲಿ ಎಂ8 ಬೋಲ್ಟ್ ಇದೆ, ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) 1.25 ಮಿ.ಮೀ. ಅಂದರೆ ಕಾಲು ಸುತ್ತು ತಿರುಗಿಸಿದರೆ ತುದಿ ಸುಮಾರು 0.3 ಮಿ.ಮೀ. ಮುಂದೆ ಹೋಗುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಕೈ ತಾನಾಗಿಯೇ ಹಗುರವಾಗುತ್ತದೆ.

ಹಾಕುವಾಗ ವಾಲ್ವ್ ಕವರ್ ತೆಗೆದೇ ಮಾಡಿ. ಹೊರಗಿನಿಂದಲೇ ಎರಡು ಬೋಲ್ಟ್ ಬಿಚ್ಚಿ ಬದಲಾಯಿಸಬಹುದು ಅನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಟೆನ್ಷನರ್ ಹೊರಬಂದ ಕ್ಷಣ ಚೈನ್ ಪೂರ್ತಿ ಸಡಿಲ, ಒಳಗೆ ಏನಾಯಿತು ಅಂತ ಕಾಣುವುದೇ ಇಲ್ಲ. ಕ್ರ್ಯಾಂಕನ್ನು ಇಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗಕ್ಕೆ) ತಂದು ನಿಲ್ಲಿಸಬೇಕು. ಆಗ ವಾಲ್ವ್‌ಗಳು ಮುಚ್ಚಿರುತ್ತವೆ, ಕ್ಯಾಮ್ ಜಿಗಿಯುವ ಭಯ ಕಡಿಮೆ. ಚೈನನ್ನು ಕ್ಯಾಮ್ ಸ್ಪ್ರಾಕೆಟ್ಟಿಗೆ ಕೇಬಲ್ ಟೈ ಹಾಕಿ ಕಟ್ಟಿದರೆ ಇನ್ನೂ ನಿಶ್ಚಿಂತೆ. ಮತ್ತೆ ಕ್ರ್ಯಾಂಕ್ ತಿರುಗಿಸುವ ಮುಂಚೆ ಆ ಟೈ ಕತ್ತರಿಸಿ ತೆಗೆಯಬೇಕು, ಅದು ನೆನಪಿರಲಿ. ರ‍್ಯಾಚೆಟ್ ಬಗೆಯದಾದರೆ ಮೊದಲು ನಡುವಿನ ಕ್ಯಾಪ್ ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ಹೊರತೆಗೆಯಿರಿ, ಆಮೇಲೆ ಬಾಡಿಯ ಬೋಲ್ಟ್‌ಗಳು. ಟೆನ್ಷನರ್ ಇಲ್ಲದಿರುವಾಗ ಕ್ರ್ಯಾಂಕ್ ತಿರುಗಲೇಬಾರದು, ಸೆಲ್ಫ್ ಸ್ವಿಚ್ಚಿಗೆ ಕೈ ಹೋಗಲೇಬಾರದು. ಬ್ಯಾಟರಿ ಕನೆಕ್ಷನ್ ತೆಗೆದಿಟ್ಟು ಕೂತರೆ ಆ ಯೋಚನೆಯೇ ಇಲ್ಲ.

ಅಡ್ಜಸ್ಟ್‌ಮೆಂಟಿಗೆ ಎರಡು ದಾರಿ ಇವೆ. ಇಂಜಿನ್ ಓಡುತ್ತಿರುವಾಗ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ, ಸೌಂಡ್ ಬಂದ ಮೇಲೆ ನಿಲ್ಲುವವರೆಗೆ ಒಳಗೆ ತಿರುಗಿಸುವುದು ಒಂದು. ತುಂಬಾ ಜನ ಮಾಡುತ್ತಾರೆ. ನಾನು ಮಾಡುವುದಿಲ್ಲ. ಓಡುವ ಇಂಜಿನ್‌ನಲ್ಲಿ ಸ್ವಲ್ಪ ಜಾಸ್ತಿ ಸಡಿಲವಾದರೂ ಚೈನ್ ಹಲ್ಲು ಹಾರಬಹುದು. ಇಂಜಿನ್ ನಿಂತಿರುವಾಗ, ಬೋಲ್ಟನ್ನು ಬರೀ ಬೆರಳಿನಿಂದ ತಿರುಗಿಸಿ, ಪಟ್ಟಿಗೆ ತಾಗಿತು ಅನ್ನಿಸಿದಲ್ಲಿ ನಿಲ್ಲಿಸುತ್ತೇನೆ. ಸ್ಪ್ಯಾನರ್ ಬಳಸುವುದು ಲಾಕ್ ನಟ್‌ಗೆ ಮಾತ್ರ. ನಟ್ ಬಿಗಿಯುವಾಗ ಬೋಲ್ಟ್ ತಿರುಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಟೈಮಿಂಗ್ ಮಾರ್ಕ್‌ಗಳು ಕೂಡುತ್ತವಾ, ಎಲ್ಲಾದರೂ ಹಿಡಿದ ಹಾಗಾಗುತ್ತದಾ, ಎರಡು ಕ್ಯಾಮ್‌ಗಳ ನಡುವೆ ಬೆರಳಿಟ್ಟು ಒತ್ತಿದರೆ ಚೈನ್ ಸ್ವಲ್ಪ ಆಡುತ್ತದಾ ಅಂತ ನೋಡುತ್ತೇನೆ.

ಆ ಸ್ವಲ್ಪ ಆಟ ಇರಲೇಬೇಕು. ಇಲ್ಲೇ ಮ್ಯಾನುಯಲ್ ಟೆನ್ಷನರ್ ಹಾಕಿದವರ ಇಂಜಿನ್ ಕೆಡುವುದು. ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಸಿಲಿಂಡರ್, ಹೆಡ್ ಎರಡೂ ಅಲ್ಯುಮಿನಿಯಂ. ಚೈನ್ ಉಕ್ಕಿನದು. ಅಂದರೆ ಇಂಜಿನ್ ಬಿಸಿಯಾದ ಹಾಗೆ ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ದೂರ, ಚೈನಿಗೆ ಹೋಲಿಸಿದರೆ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಜಾಸ್ತಿಯಾಗುತ್ತದೆ. ತಣ್ಣಗಿರುವಾಗಲೇ ಚೈನ್ ಬಿಗಿಯಾಗಿದ್ದರೆ ಬಿಸಿಯಲ್ಲಿ ಅದು ತಂತಿಯೇ ಸರಿ. ಆಗ ಕುಂಯ್ ಅನ್ನುವ ಸಣ್ಣ ಸೌಂಡ್ ಬರುತ್ತದೆ, ಪಟ್ಟಿ ಬೇಗ ಸವೆಯುತ್ತದೆ, ಕ್ಯಾಮ್ ಕೂರುವ ಜಾಗಕ್ಕೂ ಪೆಟ್ಟು. ಸ್ಪ್ರಿಂಗ್ ಈ ವ್ಯತ್ಯಾಸಕ್ಕೆ ಹೊಂದಿಕೊಳ್ಳುತ್ತದೆ, ಬೋಲ್ಟ್ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ತಣ್ಣನೆಯ ಸ್ಟಾರ್ಟಿನಲ್ಲಿ ಒಂಚೂರು ಸರಸರ ಕೇಳಿಸಿ, ಬಿಸಿಯಾದ ಮೇಲೆ ಪೂರ್ತಿ ಸುಮ್ಮನಾಗುವ ಹಂತಕ್ಕೆ ನನ್ನದನ್ನು ಇಟ್ಟಿದ್ದೇನೆ. ಬೆಳಿಗ್ಗೆಯೇ ಏನೂ ಕೇಳಿಸಬಾರದು ಅಂತ ಬಿಗಿ ಮಾಡುವವರು ಪಟ್ಟಿಯನ್ನು ತಿಂದುಹಾಕುತ್ತಾರೆ.

ಇನ್ನು ಇಷ್ಟು ಕಾಲದ ಅನುಭವ. ಆ ಡಬ್ಬಿ ಸೌಂಡ್ ಮತ್ತೆ ಬಂದಿಲ್ಲ. ಪ್ರತಿ ಸಲ ವಾಲ್ವ್ ಕ್ಲಿಯರೆನ್ಸ್ ನೋಡುವಾಗ ಚೈನಿನ ಆಟವನ್ನೂ ನೋಡುತ್ತೇನೆ. ಮೊದಮೊದಲು ಕಾಲು ಸುತ್ತಿಗೂ ಕಡಿಮೆ ತಿರುಗಿಸಬೇಕಾಯಿತು. ಆಮೇಲಾಮೇಲೆ ಮುಟ್ಟುವ ಕೆಲಸವೇ ಬೀಳಲಿಲ್ಲ. ಆಯಿಲ್ ಬದಲಾಯಿಸುವಾಗ ಸ್ಟ್ರೈನರಿನಲ್ಲಿ (ಆಯಿಲ್ ಸೋಸುವ ಜಾಲರಿಯಲ್ಲಿ) ಕಪ್ಪು ಪ್ಲಾಸ್ಟಿಕ್ ಚೂರು ಇದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ, ಅದು ಪಟ್ಟಿ ಸವೆಯುತ್ತಿರುವುದರ ಗುರುತು. ಇದುವರೆಗೆ ಸಿಕ್ಕಿಲ್ಲ.

ಬೇಸರವಾದದ್ದು ಆಯಿಲ್ ಜಿನುಗುವುದು. ಲಾಕ್ ನಟ್ಟಿನ ಥ್ರೆಡ್ ದಾರಿಯಲ್ಲೇ ಸಣ್ಣಗೆ ಬೆವರಿದ ಹಾಗೆ ಆಯಿಲ್ ಹೊರಬಂದು, ಅದರ ಮೇಲೆ ಧೂಳು ಕೂತು ಕರಿ ಮೆತ್ತಿಕೊಳ್ಳುತ್ತಿತ್ತು. ನಟ್ಟಿನ ಕೆಳಗೆ ರಬ್ಬರ್ ಸೀಲ್ ಇರುವ ವಾಷರ್ ಹಾಕಿದ ಮೇಲೆ ನಿಂತಿತು. ತಯಾರಿಸಿದವರು ಪ್ಯಾಕೆಟ್ಟಿನಲ್ಲೇ ಅದನ್ನು ಕೊಡಬೇಕಿತ್ತು, ಅಲ್ವಾ? ಜೊತೆಗೆ ಬಂದ ಗ್ಯಾಸ್ಕೆಟ್ ಕೂಡ ತೆಳು, ಒಂದು ಸಲ ಬಿಚ್ಚಿದರೆ ಎರಡನೇ ಸಲಕ್ಕೆ ಬರುವುದಿಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಕೊಳ್ಳುವಾಗ ನಿಮ್ಮ ಇಂಜಿನ್ ಮಾಡೆಲ್ಲಿಗೆ ಅಂತಲೇ ಮಾಡಿದ್ದನ್ನು ತೆಗೆದುಕೊಳ್ಳಿ. ಬೋಲ್ಟ್ ತೂತು ಕೂತರೆ ಸಾಲದು, ಒಳಗಿನ ಕಡ್ಡಿಯ ಉದ್ದ, ತುದಿಯ ಆಕಾರ ಪಟ್ಟಿಯ ಗುಂಡಿಗೆ ಸರಿಯಾಗಿ ಕೂರಬೇಕು. ಆಯಿಲ್ ಪ್ರೆಶರ್ ಬಗೆಯ ಇಂಜಿನ್ ಆದರೆ ಆಯಿಲ್ ಬರುವ ತೂತಿಗೆ ಏನು ಮಾಡಬೇಕು ಅನ್ನುವುದು ಅವರ ಸೂಚನೆಯಲ್ಲಿ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಮುಟ್ಟಬೇಡಿ.

ಕವರ್ ಬಿಚ್ಚುವ ಅಭ್ಯಾಸ ಇಲ್ಲದವರು, ಸರ್ವಿಸಿಗೆ ಬಿಟ್ಟು ಬರುವವರು, ಹೊಸ ಆಟೋಮ್ಯಾಟಿಕ್ ಟೆನ್ಷನರನ್ನೇ ಹಾಕಿಸಿ. ಅದನ್ನು ಕಡ್ಡಿ ಪೂರ್ತಿ ಒಳಗೆ ಹೋಗುವಂತೆ ರ‍್ಯಾಚೆಟ್ ಬಿಡಿಸಿ ಕೂರಿಸಿದರಾ ಅಂತ ಮಾತ್ರ ಕೇಳಿ. ಕಡ್ಡಿ ಹೊರಗಿದ್ದ ಹಾಗೇ ಬೋಲ್ಟ್ ಬಿಗಿದರೆ ಹೊಸ ಟೆನ್ಷನರೇ ಚೈನನ್ನು ಅತಿ ಬಿಗಿ ಮಾಡಿಬಿಡುತ್ತದೆ. ಇನ್ನು ಮ್ಯಾನುಯಲ್ ಹಾಕಿಕೊಂಡವರಿಗೆ, ಬೋಲ್ಟ್ ಕೊನೆಯ ತನಕ ಹೋಗಿಯೂ ಚೈನ್ ಸಡಿಲವೇ ಇದ್ದರೆ ಉದ್ದದ ಬೋಲ್ಟ್ ಹುಡುಕಲು ಹೋಗಬೇಡಿ. ಚೈನ್ ಸವೆದು ಮುಗಿದಿದೆ. ಅದನ್ನೂ ಅದರ ಎರಡೂ ಬದಿಯ ಪಟ್ಟಿಗಳನ್ನೂ ಒಟ್ಟಿಗೆ ಬದಲಾಯಿಸಿ.