ಗಂಗಾವತಿಯ ನಮ್ಮ ಲ್ಯಾಬಿನಲ್ಲಿ ಐದು ವರ್ಷ ಓಡಿದ ಲೇಬಲ್ ಪ್ರಿಂಟರ್, ಸ್ಕ್ಯಾನರ್

ನಮ್ಮ ಕಡೆ ಹುಲಿಗೆಮ್ಮ ಅನ್ನೋ ಹೆಸರು ಓಣಿಗೆ ನಾಲ್ಕು ಸಿಗುತ್ತವೆ. ಹುಲಿಗಿ ಅಮ್ಮನಿಗೆ ಹರಕೆ ಹೊತ್ತವರು ಹುಟ್ಟಿದ ಮಗಳಿಗೆ ಅದೇ ಹೆಸರಿಡುತ್ತಾರೆ. ಒಂದು ದಿನ ಬೆಳಗ್ಗೆ ಎಂಟೂವರೆಯೊಳಗೆ ಮೂವರು ಹುಲಿಗೆಮ್ಮಂದಿರು ರಕ್ತ ಕೊಡಲು ಬಂದು ಕೂತಿದ್ದರು. ಅವರಲ್ಲಿ ಇಬ್ಬರಿಗೆ ವಯಸ್ಸೂ ಒಂದೇ, 45. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದು ಕಳಿಸೋದು ಇನ್ನು ಸಾಕು ಅಂತ ಅವತ್ತೇ ತೀರ್ಮಾನಿಸಿ ಬಾರ್‌ಕೋಡ್ ಪ್ರಿಂಟರ್ ತರಿಸಿದೆ. ಅದಕ್ಕೀಗ ಐದು ವರ್ಷ.

ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ಈ ವರ್ಗದ ಯಾವ ಮಷೀನಿನಲ್ಲೂ ಬರುವಂಥದ್ದು. ನಾಲ್ಕಿಂಚು ಅಗಲ, 203 ಡಿಪಿಐ (ಇಂಚಿಗೆ 203 ಚುಕ್ಕಿ), ಬಿಸಿಯಾಗುವ ಹೆಡ್ ರಿಬ್ಬನ್ನಿನ ಮಸಿಯನ್ನು ಲೇಬಲ್ಲಿಗೆ ಇಳಿಸುವ ಥರ್ಮಲ್ ಟ್ರಾನ್ಸ್‌ಫರ್ ಮಾದರಿ. ಲೇಬಲ್ 50ಕ್ಕೆ 25 ಮಿಲಿಮೀಟರಿನದು.

ರಿಬ್ಬನ್ ಬೇಡದ, ಬಿಸಿಗೆ ಕಾಗದವೇ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಮಷೀನ್ ಅಗ್ಗಕ್ಕೆ ಸಿಗುತ್ತದೆ, ಮೊದಲು ಮೂರು ತಿಂಗಳು ಅದನ್ನೇ ಎರವಲು ತಂದು ನೋಡಿದ್ದೆ. ಲ್ಯಾಬಿಗೆ ಅದು ಆಗಿಬರುವುದಿಲ್ಲ. ಆ ಕಾಗದಕ್ಕೆ ಸ್ಪಿರಿಟ್ ಹತ್ತಿ ಸೋಕಿದರೆ ಸಾಕು, ಕಪ್ಪು ಮಸಿ ಬಳಿದಂತಾಗಿ ಗೆರೆ ಯಾವುದು ಬಿಳಿ ಯಾವುದು ಗೊತ್ತಾಗೋದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕನಕಗಿರಿಯಿಂದ ಬೈಕಿನ ಡಬ್ಬಿಯಲ್ಲಿ ಬಂದ ಟ್ಯೂಬುಗಳ ಲೇಬಲ್ ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ರಿಬ್ಬನ್ ಮಷೀನ್ ಕೊಂಡ ಮೇಲೂ ಒಂದು ತಪ್ಪು ಮಾಡಿದೆ. ಬರೀ ವ್ಯಾಕ್ಸ್, ಅಂದರೆ ಮೇಣದ ಮಸಿಯ ರಿಬ್ಬನ್ ಹಾಕಿಸಿದೆ, ಅದು ಸ್ಪಿರಿಟ್ ತಾಗಿದರೆ ಒರೆಸಿಕೊಂಡು ಹೋಗುತ್ತದೆ. ಈಗ ಮೇಣಕ್ಕೆ ರಾಳ ಬೆರೆಸಿದ ವ್ಯಾಕ್ಸ್-ರೆಸಿನ್ ರಿಬ್ಬನ್, ಪಾಲಿಯೆಸ್ಟರ್ ಲೇಬಲ್. ಫ್ರಿಜ್ಜಿನಿಂದ ತೆಗೆದಾಗ ಟ್ಯೂಬು ಬೆವತರೂ ಅಂಚು ಏಳೋದಿಲ್ಲ. 300 ಮೀಟರಿನ ಒಂದು ರಿಬ್ಬನ್ನಿಗೆ ಹತ್ತು ಸಾವಿರ ಲೇಬಲ್ ಮೇಲೆ ಬರುತ್ತವೆ, ಖರ್ಚು ಹೊರೆ ಅನ್ನಿಸಲಿಲ್ಲ.

ಮೊದಲ ವರ್ಷ ನನ್ನ ನಿದ್ದೆ ಕೆಡಿಸಿದ್ದು ನಂಬರು. ಸಾಫ್ಟ್‌ವೇರ್ ಮಾಡಿಕೊಟ್ಟವರು ಊರಿನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ, ಆರಂಕಿಯ ತಾರೀಖು, ನಾಲ್ಕಂಕಿಯ ಕ್ರಮಸಂಖ್ಯೆ ಸೇರಿಸಿ 13 ಅಕ್ಷರದ ಕೋಡ್ ಇಟ್ಟಿದ್ದರು. ಹತ್ತು ಟ್ಯೂಬಿನಲ್ಲಿ ಎರಡು ಮೂರನ್ನು ಅನಲೈಜರ್ (ರಕ್ತ ಪರೀಕ್ಷಿಸುವ ಮಷೀನ್) ಓದುತ್ತಿರಲಿಲ್ಲ. ಸ್ಕ್ಯಾನರ್ ಬದಲಿಸಿದೆ, ಡಾರ್ಕ್‌ನೆಸ್ (ಅಚ್ಚಿನ ಕಪ್ಪು) ಏರಿಸಿದೆ, ಏನೂ ಆಗಲಿಲ್ಲ. ಕೊನೆಗೆ ಸ್ಕೇಲ್ ಹಿಡಿದು ಅಳೆದಾಗ ತಿಳಿಯಿತು. ನಾವು ಬಳಸುವ ಬಾರ್‌ಕೋಡ್ ಬಗೆಯ ಹೆಸರು ಕೋಡ್ 128, ಅದರಲ್ಲಿ ಒಂದೊಂದು ಅಕ್ಷರಕ್ಕೆ 11 ಸಣ್ಣ ಪಟ್ಟಿಯಷ್ಟು ಜಾಗ ಬೇಕು, ಕೊನೆಯ ಗುರುತಿಗೆ 13. ಶುರುವಿನ ಗುರುತು, ತಾಳೆಯ ಅಂಕಿ ಎಲ್ಲ ಸೇರಿ 178 ಪಟ್ಟಿ. ನಮ್ಮ ಪ್ರಿಂಟರಿನಲ್ಲಿ ಒಂದು ಪಟ್ಟಿಗೆ ಎರಡು ಚುಕ್ಕಿ, ಅಂದರೆ 0.25 ಮಿಲಿಮೀಟರ್. ಗುಣಿಸಿದರೆ 44.5 ಮಿಲಿಮೀಟರ್. ಎರಡೂ ಬದಿ ಹತ್ತತ್ತು ಪಟ್ಟಿಯಷ್ಟು ಬಿಳಿ ಜಾಗ ಇರಲೇಬೇಕು, ಅದಕ್ಕೆ 5. ಒಟ್ಟು 49.5. ಲೇಬಲ್ ಇರೋದೇ 50! ರೋಲ್ ಒಂದು ಮಿಲಿಮೀಟರ್ ಸರಿದರೂ ಬಿಳಿ ಅಂಚು ಮಾಯ.

ಅಕ್ಷರ ಕಿತ್ತು ಹತ್ತು ಅಂಕಿ ಮಾತ್ರ ಉಳಿಸಿಕೊಂಡೆವು. ಬರೀ ಅಂಕಿಯಿದ್ದರೆ ಕೋಡ್ 128 ಎರಡೆರಡು ಅಂಕಿಯನ್ನು ಒಂದೇ ಗುರುತಿನಲ್ಲಿ ಕೂರಿಸುತ್ತದೆ, 90 ಪಟ್ಟಿಗೆ ಮುಗಿಯಿತು. ಜಾಗ ಉಳಿದಿದ್ದರಿಂದ ಪಟ್ಟಿಯನ್ನು ಮೂರು ಚುಕ್ಕಿಗೆ ದಪ್ಪ ಮಾಡಿದೆವು. ಅವತ್ತಿನಿಂದ ಓದದ ಟ್ಯೂಬು ವಾರಕ್ಕೊಂದು ಬಂದರೆ ಹೆಚ್ಚು, ಅದೂ ಲೇಬಲ್ ಸೊಟ್ಟ ಅಂಟಿಸಿದ್ದಕ್ಕೆ. ಟ್ಯೂಬನ್ನು ನಿಲ್ಲಿಸಿ ಹಿಡಿದಾಗ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಕಾಣಬೇಕು. ಟ್ಯೂಬಿನ ಸುತ್ತ ಬಳಸಿದರೆ ಅರ್ಧ ಗೆರೆ ಹಿಂದಕ್ಕೆ ಹೋಗಿ ಯಾವ ಸ್ಕ್ಯಾನರಿಗೂ ಸಿಗೋದಿಲ್ಲ.

ಅಕ್ಷರ ತೆಗೆದಿದ್ದರಿಂದ ಇನ್ನೊಂದು ಪೀಡೆಯೂ ತೊಲಗಿತು. ರಿಪೋರ್ಟಿನ ಕನ್ನಡ ಟಿಪ್ಪಣಿಗೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ' ಆನ್ ಮಾಡಿ ಮರೆತರೆ ಸ್ಕ್ಯಾನ್ ಮಾಡಿದ ಇಂಗ್ಲಿಷ್ ಅಕ್ಷರಗಳು ಕನ್ನಡವಾಗಿ ಬಂದು ಕೂರುತ್ತಿದ್ದವು. ಕಂಪ್ಯೂಟರಿನ ಪಾಲಿಗೆ ಸ್ಕ್ಯಾನರ್ ಅಂದರೆ ಒಂದು ಕೀಬೋರ್ಡ್ ಅಷ್ಟೇ, ಕೀಲಿ ಯಾರು ಒತ್ತಿದರೂ ಅದಕ್ಕೆ ಒಂದೇ.

ಸ್ಕ್ಯಾನರ್, ಕ್ಯಾಮೆರಾದ ಹಾಗೆ ಚಿತ್ರ ತೆಗೆದು ಓದುವ 2ಡಿ ಇಮೇಜರ್ ಮಾದರಿಯದು. ಹೊಳೆಯುವ ಲೇಬಲ್ಲಿಗೆ ನೇರ ಹಿಡಿಯದೆ ತುಸು ಓರೆ ಮಾಡಿದರೆ ಥಟ್ಟನೆ ಓದುತ್ತದೆ. ಐದು ವರ್ಷದಲ್ಲಿ ಒಮ್ಮೆ ಮಾತ್ರ ಗಾಬರಿ ಹುಟ್ಟಿಸಿತು. "ಮೇಡಂ, ಬೀಪ್ ಅಂತೈತ್ರಿ, ಆದ್ರ ಸ್ಕ್ರೀನ್ ಮ್ಯಾಲೆ ಏನೂ ಬರವಲ್ದು" ಅಂತ ಹುಡುಗ ಓಡಿ ಬಂದ. ಮ್ಯಾನುಯಲ್ ತೆರೆದು ಅದರೊಳಗಿನ ಸೆಟ್ಟಿಂಗ್ ಕೋಡುಗಳನ್ನು ಸುಮ್ಮನೆ ಸ್ಕ್ಯಾನ್ ಮಾಡಿ ನೋಡಿದ್ದನಂತೆ, ಸ್ಕ್ಯಾನರ್ ಕೀಬೋರ್ಡ್ ಮೋಡ್ ಬಿಟ್ಟು ಸೀರಿಯಲ್ ಪೋರ್ಟ್ ಮೋಡಿಗೆ ಹೋಗಿತ್ತು. ಫ್ಯಾಕ್ಟರಿ ರಿಸೆಟ್, ಯುಎಸ್‌ಬಿ ಕೀಬೋರ್ಡ್, ಕೊನೆಗೆ ಎಂಟರ್ ಸೇರಿಸುವ ಕೋಡ್, ಈ ಮೂರನ್ನೂ ಕತ್ತರಿಸಿ ಲ್ಯಾಮಿನೇಟ್ ಮಾಡಿ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ.

ಪ್ರಿಂಟರಿಗೆ ನಮ್ಮೂರಿನ ದೊಡ್ಡ ಶತ್ರು ದೂಳು. ಸುತ್ತ ಅಕ್ಕಿ ಗಿರಣಿಗಳು, ಭತ್ತದ ಸುಗ್ಗಿಯಲ್ಲಿ ಕಿಟಕಿ ತೆರೆದಿಟ್ಟರೆ ಸಂಜೆಗೆ ಟೇಬಲ್ ಮೇಲೆ ಬೆರಳಾಡಿಸಿ ಹೆಸರು ಬರೆಯಬಹುದು. ಅದು ಹೆಡ್ಡಿಗೆ ಹತ್ತಿ ಅಚ್ಚಿನಲ್ಲಿ ಉದ್ದಕ್ಕೆ ಬಿಳಿ ಎಳೆ ಬೀಳುತ್ತದೆ. ರಿಬ್ಬನ್ ಬದಲಿಸಿದಾಗೆಲ್ಲ ಮಷೀನ್ ಆರಿಸಿ, ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇವೆ. ನಾಲ್ಕನೇ ವರ್ಷ ಒರೆಸಿದರೂ ಹೋಗದ ಎಳೆ ಬಂತು, ಹೆಡ್ಡಿನ ಒಂದು ಚುಕ್ಕಿ ಸತ್ತಿತ್ತು. ಹೊಸ ಹೆಡ್ ಬರಲು ಹನ್ನೆರಡು ದಿನ. ಅಲ್ಲಿಯವರೆಗೆ ಡಿಸೈನಿನಲ್ಲಿ ಬಾರ್‌ಕೋಡನ್ನು ಪಕ್ಕಕ್ಕೆ ಸರಿಸಿ, ಆ ಎಳೆ ಬಿಳಿ ಅಂಚಿನೊಳಗೆ ಬೀಳುವ ಹಾಗೆ ಮಾಡಿಕೊಂಡು ಕೆಲಸ ನಡೆಸಿದೆವು. ಜಾಗ ಉಳಿಸಿಕೊಂಡಿದ್ದು ಅವತ್ತು ಕೈಹಿಡಿಯಿತು. ಡಾರ್ಕ್‌ನೆಸ್ ತೀರಾ ಏರಿಸಿಟ್ಟರೆ ಹೆಡ್ ಬೇಗ ಸವೆಯುತ್ತದೆ. ಅದರ ಬದಲು ವೇಗ ಇಳಿಸಿ, ಅಚ್ಚು ತಾನೇ ಕಪ್ಪಾಗುತ್ತದೆ.

ಒಂದು ಬಿಟ್ಟು ಒಂದು ಖಾಲಿ ಲೇಬಲ್ ಬಂದರೆ ಹೆದರಬೇಡಿ, ಹೊಸ ರೋಲಿಗೆ ಗ್ಯಾಪ್ ಸೆನ್ಸರ್ (ಲೇಬಲ್ ನಡುವಿನ ಸಂದು ಗುರುತಿಸುವ ಭಾಗ) ಕ್ಯಾಲಿಬ್ರೇಟ್ ಮಾಡಿ. ಯುಎಸ್‌ಬಿ ವೈರನ್ನು ಬೇರೆ ತೂತಿಗೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು, ಪ್ರಿಂಟೆಲ್ಲ ಹಳೆಯದರ ಸಾಲಿನಲ್ಲಿ ಕೊಳೆಯುತ್ತವೆ. ನಮ್ಮ ತೂತಿಗೆ ಪ್ಲಾಸ್ಟರ್ ತುಂಡು ಅಂಟಿಸಿ ಗುರುತು ಮಾಡಿದ್ದೇವೆ.

ಇಷ್ಟಾದರೂ ಒಂದು ಸಲ ಸ್ಯಾಂಪಲ್ ಅದಲುಬದಲಾಯಿತು, ಮಷೀನಿನಿಂದಲ್ಲ. ಗಡಿಬಿಡಿಯಲ್ಲಿ ಲೇಬಲ್ಲುಗಳನ್ನು ಖಾಲಿ ಟ್ಯೂಬಿಗೆ ಮುಂಚೆಯೇ ಅಂಟಿಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ಇಟ್ಟಿದ್ದರು, ಕೂತವರ ಸಾಲು ಬದಲಾಗಿತ್ತು. ಒಬ್ಬ ಅಮ್ಮನ ಹಿಮೋಗ್ಲೋಬಿನ್ 7 ಅಂತ ಬಂತು, ಹೋದ ತಿಂಗಳು ಅವರದು 12 ಇತ್ತು. ರಿಪೋರ್ಟ್ ತಡೆದು ಇಬ್ಬರನ್ನೂ ಮತ್ತೆ ಕರೆಸಿದೆ. ಅವರೆದುರು ಕೈಮುಗಿದು ನಿಂತದ್ದು ಇವತ್ತಿಗೂ ಮರೆತಿಲ್ಲ. ಈಗ ರಕ್ತ ತೆಗೆದಾದ ಮೇಲೆ, ಅದೇ ಕುರ್ಚಿಯ ಬಳಿ, "ನಿಮ್ಮ ಹೆಸರು, ಮನೆಯವರ ಹೆಸರು ಹೇಳ್ರೀ ಅಮ್ಮ" ಅಂತ ಅವರ ಬಾಯಿಂದಲೇ ಕೇಳಿ, ಲೇಬಲ್ ಜೊತೆ ತಾಳೆ ನೋಡಿ ಅಂಟಿಸುತ್ತೇವೆ.

ಹೋದ ತಿಂಗಳು ಕಾರಟಗಿ ಸೆಂಟರಿಗೂ ಇದೇ ಮಷೀನ್ ತರಿಸಿದೆ. ಜೊತೆಗೆ ಒಂದು ಹೆಚ್ಚುವರಿ ಹೆಡ್, ಯುಪಿಎಸ್, ಕಿಟಕಿಯಿಂದ ದೂರ ಇಡಲು ಒಂದು ಸಣ್ಣ ಟೇಬಲ್.